ಕಣ್ಣಿಗೆ ಕಾಣುವುದು ನಿಜಾನಾ? ನಮ್ಮನ್ನು ಓಡಿಸುತ್ತಿರುವುದು ಏನು?

ಇರುಳುಗಣ್ಣ

ನಿನ್ನೆ ರಾತ್ರಿ ಹಲ್ಲುಜ್ಜುತ್ತಾ ಕನ್ನಡಿಯಲ್ಲಿ ನನ್ನ ಎಡಗಣ್ಣನ್ನೇ ನೋಡಿದೆ. ಆಮೇಲೆ ಬಲಗಣ್ಣು. ಮತ್ತೆ ಎಡಗಣ್ಣು. ಹತ್ತಿಪ್ಪತ್ತು ಸಲ ಮಾಡಿದರೂ ನನ್ನ ಕಣ್ಣು ಅಲುಗಿದ್ದು ನನಗೆ ಒಂದು ಸಲವೂ ಕಾಣಲಿಲ್ಲ. ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ ನೋಡು ಅಂದೆ. “ಅಲುಗ್ತಾ ಇದೆಯಲ್ರೀ, ಚೆನ್ನಾಗೇ ಕಾಣ್ತಿದೆ” ಅಂದಳು. ಬಾಯಿ ತೊಳ್ಕೊಂಡು ಮಲಗಿ ಅಂತ ಹೇಳಿ ಹೋದಳು.

ನನಗೆ ನಿದ್ದೆ ಬರಲಿಲ್ಲ. ಪಕ್ಕದವರಿಗೆ ಕಾಣುವುದು ಕಣ್ಣಿನ ಒಡೆಯನಿಗೇ ಕಾಣಲ್ಲ ಅಂದರೆ ಏನು ಕತೆ? ಎದ್ದು ಕೂತು ಓದಿದೆ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವಾಗ ಚಿತ್ರ ಕಲಸಿಹೋಗುತ್ತದೆ, ಆ ಕಲಸಿದ ತುಣುಕನ್ನು ಮಿದುಳು ನಮಗೆ ತೋರಿಸುವುದೇ ಇಲ್ಲ. ಎಚ್ಚರವಿರುವಾಗ ಸೆಕೆಂಡಿಗೆ ಸುಮಾರು 3 ಸಲ ಈ ಜಿಗಿತ ನಡೆಯುತ್ತದೆ. ದಿನವಿಡೀ ಕತ್ತರಿ ಹಾಕಿದ ಸಿನಿಮಾ ನೋಡುತ್ತಾ ಒಂದೇ ಓಟದ ಚಿತ್ರ ಅಂದುಕೊಂಡು ಬದುಕಿದ್ದೇವೆ.

ಇದು ಸಾಲದು ಅಂತ ಒಂದೊಂದು ಕಣ್ಣಿಗೂ ಒಂದೊಂದು ಕುರುಡು ಚುಕ್ಕೆ. ನರ ಹೊರಗೆ ಹೋಗುವ ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಮಾರಿಯೊಟ್ ಇದನ್ನು 1660ರ ದಶಕದಲ್ಲೇ ತೋರಿಸಿದ್ದ. ನೀವೂ ಮಾಡಿ ನೋಡಿ. ಬಿಳಿ ಕಾಗದದ ಮೇಲೆ ಎಡಕ್ಕೊಂದು ಗುಣಾಕಾರದ ಗುರುತು, ಅಲ್ಲಿಂದ ನಾಲ್ಕು ಬೆರಳು ಬಲಕ್ಕೆ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುರುತನ್ನೇ ನೋಡುತ್ತಾ ಕಾಗದವನ್ನು ನಿಧಾನಕ್ಕೆ ಹತ್ತಿರ ತನ್ನಿ. ಒಂದು ಕಡೆ ಬಂದಾಗ ಚುಕ್ಕೆ ಮಾಯ. ಅಲ್ಲಿ ತೂತು ಕಾಣಲ್ಲ ನೋಡಿ, ಬಿಳಿ ಕಾಗದವೇ ಕಾಣುತ್ತದೆ. ಯಾರೋ ಒಳಗೆ ಕೂತು ಸುಣ್ಣ ಬಳಿದ ಹಾಗೆ.

ಸರಿ, ಕಣ್ಣು ಹೋಗಲಿ, ಮನಸ್ಸಾದರೂ ನಮ್ಮದಲ್ವಾ ಅಂದರೆ ಅದೂ ಇಲ್ಲ. ಮೂರ್ಛೆರೋಗಕ್ಕೆ ಚಿಕಿತ್ಸೆ ಅಂತ ಮಿದುಳಿನ ಎರಡು ಹೋಳುಗಳ ನಡುವಿನ ಕೊಂಡಿ ಕತ್ತರಿಸಿದ ರೋಗಿಗಳ ಮೇಲೆ ಮೈಕೆಲ್ ಗಝಾನಿಗ ಮಾಡಿದ ಪ್ರಯೋಗ ಓದಿದೆ. ಒಬ್ಬ ರೋಗಿಯ ಎಡ ಹೋಳಿಗೆ ಕೋಳಿಯ ಪಾದ ತೋರಿಸಿದರು, ಬಲ ಹೋಳಿಗೆ ಹಿಮ ಬಿದ್ದ ಅಂಗಳ. ಇದಕ್ಕೆ ಹೊಂದುವ ಚಿತ್ರ ಆರಿಸು ಅಂದಾಗ ಎಡ ಹೋಳು ನಡೆಸುವ ಬಲಗೈ ಕೋಳಿಯನ್ನು ತೋರಿಸಿತು, ಬಲ ಹೋಳು ನಡೆಸುವ ಎಡಗೈ ಸಲಿಕೆಯನ್ನು. ಮಾತಾಡುವುದು ಎಡ ಹೋಳು, ಅದಕ್ಕೆ ಹಿಮದ ಸುದ್ದಿಯೇ ಗೊತ್ತಿಲ್ಲ. ಸಲಿಕೆ ಯಾಕೆ ಅಂತ ಕೇಳಿದರೆ ಸ್ವಲ್ಪವೂ ತಡವರಿಸದೆ, ಕೋಳಿಗೂಡು ಗುಡಿಸೋಕೆ ಸಲಿಕೆ ಬೇಕಲ್ಲ ಅಂದ. ಸುಳ್ಳು ಹೇಳುತ್ತಿದ್ದೇನೆ ಅನ್ನುವುದು ಅವನಿಗೇ ಗೊತ್ತಿಲ್ಲ!

ಹಾಗಾದರೆ ಕಾಣುವುದೂ ಕಟ್ಟಿದ್ದು, ಕಾರಣವೂ ಕಟ್ಟಿದ್ದು. ನಾನು 8 ವರ್ಷ ಒಂದು ಬಡ್ತಿಗೆ ಕಾದೆ. ಬಂತು. ಆ ಸಂಜೆ ಖುಷಿ, ಮಾರನೇ ದಿನ ಅರ್ಧ ಖುಷಿ, ಮೂರನೇ ದಿನ ಲಿಫ್ಟಿನಲ್ಲಿ ನಿಂತು ಇಷ್ಟೇನಾ ಅನ್ನಿಸಿತು. 8 ವರ್ಷ ನನ್ನನ್ನು ಬೆಳಗ್ಗೆ ಎಬ್ಬಿಸಿದ್ದು ಯಾರು ಹಾಗಾದ್ರೆ? ಎಲ್ಲ ಭ್ರಮೆ, ನಮ್ಮನ್ನು ಓಡಿಸುವುದು ಒಂದಿಷ್ಟು ರಸಾಯನ, ಉಳಿದದ್ದು ಕೋಳಿಗೂಡಿನ ಸಲಿಕೆ. ಹೀಗೆ ಅಂದುಕೊಳ್ಳುವುದು ತಪ್ಪಾ? ತಪ್ಪಾದರೆ ಎಲ್ಲಿ ತಪ್ಪು, ತಿಳಿದವರು ಹೇಳಿ.

ಎರಡನೇಬೆಂಚು

ಎಲ್ಲ ಭ್ರಮೆ ಅನ್ನುವವರು ರಸ್ತೆ ದಾಟುವಾಗ ಎರಡೂ ಕಡೆ ನೋಡುವುದನ್ನು ನಾನು ಕಂಡಿದ್ದೇನೆ. ಬಡ್ತಿ ಸಿಕ್ಕಿತಲ್ಲ, ರಜೆ ಹಾಕಿ ನಿದ್ದೆ ಮಾಡಿ ಸ್ವಾಮಿ.

ಮೇಜುಗುದ್ದಿ

ಎರಡನೇಬೆಂಚು ಹೇಳಿದ್ದು ಹಳೇ ಉತ್ತರ. ವಸ್ತು ಅಂತ ಬೇರೆ ಇಲ್ಲ, ಇರುವುದೆಲ್ಲ ಮನಸ್ಸಿನ ಅನುಭವ ಅಂತ ತತ್ವಜ್ಞಾನಿ ಬರ್ಕ್ಲಿ ವಾದಿಸಿದ್ದ. 1763ರಲ್ಲಿ ಅದರ ಮಾತು ಬಂದಾಗ ಇಂಗ್ಲಿಷ್ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಒಂದು ದೊಡ್ಡ ಕಲ್ಲಿಗೆ ಒದ್ದು, ತಗೋ, ಹೀಗೆ ಸುಳ್ಳು ಮಾಡ್ತೀನಿ ಅಂದನಂತೆ. ಚೆನ್ನಾಗಿದೆ, ಆದರೆ ಬರ್ಕ್ಲಿಗೆ ಅದರಿಂದ ಏನೂ ಆಗಲ್ಲ. ಕಾಲು ನೋವೂ ಅನುಭವವೇ ಅಂತ ಅವನು ಹೇಳಿಬಿಡುತ್ತಾನೆ.

ಇರುಳುಗಣ್ಣ ಅವರೇ, ನಿಮ್ಮ ತಪ್ಪು ಇರುವುದು “ಕಟ್ಟಿದ್ದು” ಅನ್ನುವ ಒಂದೇ ಪದದಲ್ಲಿ. ಕಟ್ಟುಕತೆಯೂ ಕಟ್ಟಿದ್ದೇ, ಕಟ್ಟಡವೂ ಕಟ್ಟಿದ್ದೇ. ಕಟ್ಟುಕತೆ ಹೇಗೆ ಬೇಕಾದರೂ ಕಟ್ಟಬಹುದು. ಕಟ್ಟಡ ಹಾಗಲ್ಲ, ಲೆಕ್ಕ ತಪ್ಪಿದರೆ ತಲೆ ಮೇಲೆ ಬೀಳುತ್ತದೆ. ಮಿದುಳು ಕಟ್ಟುವುದು ಎರಡನೇ ಜಾತಿಯದು. ಕುರುಡು ಚುಕ್ಕೆಯ ಜಾಗದಲ್ಲಿ ಅದು ಬಿಳಿ ಬಳಿದದ್ದು ಯಾಕೆ, ಕೆಂಪು ಯಾಕಲ್ಲ? ಸುತ್ತ ಬಿಳಿ ಇತ್ತು. ಅಂದಾಜು ಮಾಡಿತು. ಸಾಮಾನ್ಯವಾಗಿ ಆ ಅಂದಾಜು ಸರಿಯಾಗೇ ಇರುತ್ತದೆ, ನೀವು ಬೇಕಂತಲೇ ಚುಕ್ಕೆ ಇಟ್ಟು ಮೋಸ ಮಾಡಿದಿರಿ. ಅಂದಹಾಗೆ ಕಣ್ಣಿನ ಜಿಗಿತ ನೋಡಬೇಕೆಂದರೆ ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ಅದೇ ಆಟ ಆಡಿ. ಪರದೆಗೆ ಚಿತ್ರ ಸ್ವಲ್ಪ ತಡವಾಗಿ ಬರುತ್ತದಲ್ಲ, ಅಷ್ಟರಲ್ಲಿ ಕಣ್ಣು ನಿಂತಿರುತ್ತದೆ, ಅಲುಗಿದ್ದು ಸಿಕ್ಕಿಬೀಳುತ್ತದೆ.

ಇನ್ನೊಂದು ಮಾತು ಈ ಎಳೆಯಲ್ಲಿ ಯಾರಾದರೂ ತಂದೇ ತರುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ಪರಮಾಣು ಬಹುಪಾಲು ಖಾಲಿ, ಆದ್ದರಿಂದ ಮೇಜು ಗಟ್ಟಿ ಅನ್ನುವುದು ಸುಳ್ಳು ಅಂತ. ತೆಳು ಚಿನ್ನದ ಹಾಳೆಗೆ ಕಣಗಳನ್ನು ಹೊಡೆದಾಗ ಹೆಚ್ಚಿನವು ನೇರ ಹಾದುಹೋದವು, ಎಲ್ಲೋ ಒಂದೆರಡು ವಾಪಸ್ ಬಂದವು. ಅದರ ಮೇಲೆ ರುದರ್‌ಫರ್ಡ್ 1911ರಲ್ಲಿ ನಡುವೆ ಪುಟ್ಟ ಬೀಜವಿದೆ ಅಂದ. ಬೀಜದ ಅಗಲ ಇಡೀ ಪರಮಾಣುವಿನ ಸುಮಾರು ಲಕ್ಷದಲ್ಲೊಂದು ಭಾಗ. ಸರಿ. ಆದರೆ ನನ್ನ ಕೈ ಮೇಜಿನೊಳಗೆ ಇಳಿಯಲ್ಲ, ಯಾಕಂದರೆ ಕೈಯ ಎಲೆಕ್ಟ್ರಾನುಗಳೂ ಮೇಜಿನ ಎಲೆಕ್ಟ್ರಾನುಗಳೂ ಒಂದೇ ಸ್ಥಿತಿಯಲ್ಲಿ ಒಟ್ಟಿಗೆ ಕೂರಲಾರವು, ಜೊತೆಗೆ ಒಂದನ್ನೊಂದು ದೂಡುತ್ತವೆ. ಗಟ್ಟಿತನ ಅನ್ನುವುದು ಅದೇ. ಅದು ಏನರಿಂದ ಆಗಿದೆ ಅಂತ ಗೊತ್ತಾದ ತಕ್ಷಣ ಅದು ಇಲ್ಲ ಅಂತ ಆಗಲ್ಲ. ಗುದ್ದಿ ನೋಡಿ.

ಇರುಳುಗಣ್ಣ

ಗುದ್ದಿದೆ. ನೋವಾಯಿತು. ಕಟ್ಟುಕತೆ–ಕಟ್ಟಡ ಒಪ್ಪಿದೆ, ಆದರೆ ಅದು ನನ್ನ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ. ಹಿಮ ಕಂಡವನು ಕೋಳಿಗೂಡು ಅಂದನಲ್ಲ, ಅದು ಕಟ್ಟಡವಾ?

ಅಲೆಯೂಕಣವೂ

ಕ್ವಾಂಟಂ ವಿಜ್ಞಾನದ ಪ್ರಕಾರ ನೋಡುವವನಿಲ್ಲದೆ ವಸ್ತುವೇ ಇಲ್ಲ. ಪ್ರಜ್ಞೆಯೇ ಜಗತ್ತನ್ನು ಸೃಷ್ಟಿಸುತ್ತದೆ. 2022ರ ನೊಬೆಲ್ ಇದಕ್ಕೇ ಕೊಟ್ಟಿದ್ದು.

ಮೇಜುಗುದ್ದಿ

ಅಲ್ಲ. 2022ರಲ್ಲಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ ಕೊಟ್ಟಿದ್ದು ಹೆಣೆದುಕೊಂಡ ಫೋಟಾನುಗಳ, ಅಂದರೆ ಒಂದಕ್ಕೊಂದು ನಂಟಿರುವ ಬೆಳಕಿನ ಕಣಗಳ ಪ್ರಯೋಗಕ್ಕೆ. ಕಣಗಳಿಗೆ ಮೊದಲೇ ನಿಗದಿಯಾದ ಗುಣಗಳಿವೆ, ಒಂದರ ಪ್ರಭಾವ ಬೆಳಕಿಗಿಂತ ವೇಗವಾಗಿ ಇನ್ನೊಂದನ್ನು ಮುಟ್ಟಲ್ಲ, ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಆ ಫಲಿತಾಂಶ ವಿವರಿಸೋಕಾಗಲ್ಲ ಅನ್ನುವುದು ಅದರ ತಿರುಳು. ಅದೇ ವಿಚಿತ್ರವಾಗಿದೆ, ಸಾಕಷ್ಟು ತಲೆ ತಿನ್ನುತ್ತದೆ. ಆದರೆ ಅಳೆಯುವುದಕ್ಕೆ ಮನಸ್ಸು ಬೇಕಿಲ್ಲ, ಒಂದು ಯಂತ್ರ ಸಾಕು, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ನಡೆಯುತ್ತದೆ. ಇದರ ಬಗ್ಗೆ ಬೇರೆ ಎಳೆ ತೆಗೆಯಿರಿ, ಬರುತ್ತೇನೆ.

ಹಗ್ಗಹಾವು

ಇರುಳುಗಣ್ಣ ಅವರೇ, ನಿಮ್ಮ ಎರಡೂ ಪ್ರಶ್ನೆ ಒಂದೇ ಅಂತ ನನಗನ್ನಿಸುತ್ತದೆ. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಬೈಕೋಬೇಡಿ.

ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುವ ಮಾತು ಎಲ್ಲರಿಗೂ ಗೊತ್ತು. ಶಂಕರರ ಕಡೆಯವರು ಇದನ್ನು ಮತ್ತೆ ಮತ್ತೆ ಹೇಳುತ್ತಾರೆ. ಆದರೆ ಅದನ್ನು “ಎಲ್ಲ ಸುಳ್ಳು” ಅಂತ ಅರ್ಥ ಮಾಡಿಕೊಳ್ಳುವುದು ಅವಸರ. ಅವರಲ್ಲೇ ಮೂರು ಮೆಟ್ಟಿಲಿದೆ. ಹಗ್ಗದಲ್ಲಿ ಕಂಡ ಹಾವು ಒಂದು, ಎಲ್ಲರೂ ಬಳಸುವ ಹಗ್ಗ ಇನ್ನೊಂದು, ಎಂದೂ ಅಳಿಯದ ಬ್ರಹ್ಮ ಮೂರನೇದು. ದಿನದ ವ್ಯವಹಾರಕ್ಕೆ ಹಗ್ಗ ಹಗ್ಗವೇ, ಕಟ್ಟೋಕೆ ಬರುತ್ತದೆ. ಇನ್ನು 13ನೇ ಶತಮಾನದ ಮಧ್ವಾಚಾರ್ಯರು ಜಗತ್ತು ಸತ್ಯ ಅಂತ ಕಡ್ಡಿ ಮುರಿದಂತೆ ಹೇಳಿದರು. ದೇವರು ಬೇರೆ, ಜೀವ ಬೇರೆ, ಜಡ ಬೇರೆ, ಜೀವ ಜೀವಕ್ಕೂ ಬೇರೆ, ಜಡ ಜಡಕ್ಕೂ ಬೇರೆ, ಐದು ಭೇದ. ಈ ಜಗಳಕ್ಕೆ ಏಳೆಂಟು ನೂರು ವರ್ಷವಾಯಿತು, ನಾವು ಇಲ್ಲಿ ಕೂತು ಮುಗಿಸಲ್ಲ ಬಿಡಿ.

ನನಗೆ ಯಾವಾಗಲೂ ಕಾಡುವುದು ಬೇರೆ. ಮಬ್ಬಿನಲ್ಲಿ ಹಗ್ಗ ನೋಡಿದವನಿಗೆ ಹಾವೇ ಯಾಕೆ ಕಾಣಬೇಕು? ಬಳ್ಳಿಯೂ ಹಾಗೇ ಇರುತ್ತದೆ, ಬಿದ್ದ ಬೇರೂ ಹಾಗೇ ಇರುತ್ತದೆ, ಸೊಂಟಪಟ್ಟಿಯೂ ಹಾಗೇ ಇರುತ್ತದೆ. ನಮಗೆ ಹಾವೆಂದರೆ ಭಯ, ಅದಕ್ಕೇ ಹಾವು. ಭಯ ಮೊದಲು ಅಲ್ಲಿಗೆ ಹೋಗಿ ಕೂತಿತ್ತು, ಕಣ್ಣು ಆಮೇಲೆ ಹೋಯಿತು. ಬಾವಿಗೆ ಹಗ್ಗ ಹುಡುಕುತ್ತಾ ಬಂದವನಿಗೆ ಅದೇ ಜಾಗದಲ್ಲಿ ಹಾವಿದ್ದರೂ ಹಗ್ಗ ಕಂಡೀತು, ಕೈ ಹಾಕಿಯಾನು ಕೂಡ. ಅಂದರೆ ನಮಗೆ ಬೇಕಾದ್ದು, ನಮಗೆ ಬೇಡವಾದ್ದು, ಇವೇ ಮೊದಲು ನೋಡುವುದು. 12ನೇ ಶತಮಾನದ ಅಲ್ಲಮ ಹೇಳಿದ್ದೂ ಇದೇ ಅಲ್ವಾ, ಹೊನ್ನು ಮಾಯೆಯಲ್ಲ, ಮಣ್ಣು ಮಾಯೆಯಲ್ಲ, ಮನಸ್ಸಿನ ಮುಂದೆ ನಿಂತ ಆಸೆ ಮಾಯೆ ಅಂತ. ಲೋಕದ ಮೇಲೆ ತಪ್ಪು ಹೊರಿಸಲಿಲ್ಲ ಅವರು.

ಹಾಗಾಗಿ ಆಸೆ ಇಳಿದರೆ ಇದ್ದದ್ದು ಇದ್ದಹಾಗೆ ಕಾಣಬೇಕು. ಇದು ನನ್ನ ಅನಿಸಿಕೆ.

ಇಲಿಬೋನು

ಹಗ್ಗಹಾವು ಅವರ ಮಾತಿನ ಮುಕ್ಕಾಲು ಪಾಲು ನನಗೆ ತುಂಬ ಹಿಡಿಸಿತು, ಕೊನೆಯ ಸಾಲಿಗೆ ತಕರಾರಿದೆ. ಅದಕ್ಕೆ ಮೊದಲು ಬಡ್ತಿಯ ವಿಷಯ ಮುಗಿಸುತ್ತೇನೆ, ಯಾಕಂದರೆ “ಒಂದಿಷ್ಟು ರಸಾಯನ” ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

1954ರಲ್ಲಿ ಜೇಮ್ಸ್ ಓಲ್ಡ್ಸ್, ಪೀಟರ್ ಮಿಲ್ನರ್ ಇಬ್ಬರೂ ಇಲಿಯ ಮಿದುಳಿಗೆ ಸಣ್ಣ ತಂತಿ ಇಟ್ಟರು. ಸನ್ನೆ ಒತ್ತಿದರೆ ಕರೆಂಟು ಬರುತ್ತದೆ. ಇಲಿಗಳು ಒತ್ತಿದವು, ಒತ್ತಿದವು, ಗಂಟೆಗೆ ನೂರಾರು ಸಲ ಒತ್ತಿದವು. ಆಗ ಎಲ್ಲರೂ ಸುಖದ ಗುಂಡಿ ಸಿಕ್ಕಿತು ಅಂದರು. ಮುಂದೆ ಡೋಪಮೈನ್ ಅನ್ನುವ ಮಿದುಳಿನ ರಸಾಯನ ಅಂದರೆ ಖುಷಿ ಅನ್ನುವ ಮಾತು ಹುಟ್ಟಿತು, ಇವತ್ತಿಗೂ ವಾಟ್ಸಾಪಿನಲ್ಲಿ ಅದೇ ಓಡುತ್ತಿದೆ.

ಕೆಂಟ್ ಬೆರಿಜ್ ಅನ್ನುವವರು ಇದನ್ನು ಬೇರೆ ಥರ ನೋಡಿದರು. ಡೋಪಮೈನ್ ಹೆಚ್ಚುಕಮ್ಮಿ ಪೂರ್ತಿ ಅಳಿಸಿದ ಇಲಿ ತಾನಾಗಿ ತಿನ್ನಲು ಹೋಗಲ್ಲ, ಮುಂದೆ ಊಟವಿದ್ದರೂ ಸಾಯುತ್ತದೆ. ಆದರೆ ಬಾಯಿಗೆ ಸಿಹಿ ಹನಿ ಬಿಟ್ಟರೆ? ತುಟಿ ನೆಕ್ಕುತ್ತದೆ. ಮೊದಲಿನಷ್ಟೇ ಇಷ್ಟ. ಇಷ್ಟ ಉಳಿದಿದೆ, ಬೇಕು ಹೋಗಿದೆ. ಬೇಕು ಬೇರೆ, ಹಿತ ಬೇರೆ. ಎರಡೂ ಒಂದೇ ದಾರಿಯಲ್ಲಿ ಹೋಗುವುದರಿಂದ ನಾವು ಒಂದೇ ಅಂದುಕೊಂಡಿದ್ದೇವೆ, ಅಷ್ಟೇ.

ಇನ್ನು ಮಿದುಳು ವಿಜ್ಞಾನಿ ಶುಲ್ಟ್ಸ್ ಅವರ ಪ್ರಯೋಗದ ಕೋತಿಗಳು. ಹಣ್ಣಿನ ರಸ ಮೊದಮೊದಲು ಬಂದಾಗ ಡೋಪಮೈನ್ ಕೋಶಗಳು ಜೋರಾಗಿ ಮಿಡಿಯುತ್ತವೆ. ದೀಪ ಹತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿ ಕಲಿತ ಮೇಲೆ ಮಿಡಿತ ದೀಪಕ್ಕೆ ಹೋಗುತ್ತದೆ, ರಸ ಬಂದಾಗ ಏನೂ ಇಲ್ಲ. ದೀಪ ಹತ್ತಿಯೂ ರಸ ಬರದಿದ್ದರೆ ಮಿಡಿತ ಇದ್ದದ್ದಕ್ಕಿಂತ ಕೆಳಗೆ ಬೀಳುತ್ತದೆ. ಅಂದರೆ ಅದು ಅಳೆಯುತ್ತಿರುವುದು ಸುಖವನ್ನಲ್ಲ, ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸವನ್ನು. ಇರುಳುಗಣ್ಣ ಅವರೇ, ನಿಮ್ಮ ಬಡ್ತಿ ಬಂದ ದಿನ ನೀವು ರಸ ಕುಡಿದಿರಿ, ಆದರೆ ದೀಪ 8 ವರ್ಷ ಉರಿದಿತ್ತು. ಮೂರನೇ ದಿನ ಲಿಫ್ಟಿನಲ್ಲಿ ಆಗಿದ್ದು ನೀವು ಮೋಸಹೋದದ್ದಲ್ಲ. ಆ ಕೋಶಗಳ ಕೆಲಸವೇ ಹಾಗೆ.

ಈಗ ತಕರಾರು. ಆಸೆ ಇಳಿದರೆ ಇದ್ದದ್ದು ಇದ್ದಹಾಗೆ ಕಾಣುತ್ತದಾ? ಆಂಟೋನಿಯೊ ಡಮಾಸಿಯೊ ನೋಡಿದ ರೋಗಿಗಳಿದ್ದಾರೆ. ಹಣೆಯ ಹಿಂದೆ, ಮಿದುಳಿನ ಕೆಳಭಾಗಕ್ಕೆ ಪೆಟ್ಟಾಗಿದೆ. ಬುದ್ಧಿ, ನೆನಪು, ಮಾತು ಎಲ್ಲ ಸರಿ. ಭಾವನೆ ಮಾತ್ರ ಮಂಕಾಗಿದೆ. ಅಂಥ ಒಬ್ಬರಿಗೆ ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟು ಒಂದು ಆರಿಸಿ ಅಂದರು. ಡೈರಿ ತೆಗೆದು ಸುಮಾರು ಅರ್ಧ ಗಂಟೆ ಎಣಿಸಿದರು. ಆ ದಿನ ಬೇರೆ ಕೆಲಸ ಇರಬಹುದು, ಈ ದಿನ ಹವೆ ಹೀಗಿರಬಹುದು, ಅದಾದರೆ ಇದು, ಇದಾದರೆ ಅದು. ಮುಗಿಯಲೇ ಇಲ್ಲ. ಕೊನೆಗೆ ವೈದ್ಯರೇ ಎರಡನೇ ದಿನ ಬನ್ನಿ ಅಂದರೆ, ಆಯ್ತು ಅಂತ ಡೈರಿ ಮುಚ್ಚಿ ಎದ್ದು ಹೋದರು. ಎಲ್ಲ ಕಾಣುತ್ತಿತ್ತು, ಯಾವುದು ಮುಖ್ಯ ಅನ್ನುವುದೊಂದು ಕಾಣುತ್ತಿರಲಿಲ್ಲ. ಬೇಕು–ಬೇಡಗಳನ್ನು ಕಿತ್ತರೆ ಸಿಗುವುದು ಶುದ್ಧ ಸತ್ಯ ಅಲ್ಲ, ಡೈರಿ.

ಹಗ್ಗಹಾವು

ಡೈರಿ ಮಾತು ಚೆನ್ನಾಗಿದೆ. ಆದರೆ ಪೆಟ್ಟಾಗಿ ಆಸೆ ಹೋಗುವುದಕ್ಕೂ ಅಭ್ಯಾಸ ಮಾಡಿ ಆಸೆಯನ್ನು ಹದ್ದುಬಸ್ತಿನಲ್ಲಿಡುವುದಕ್ಕೂ ವ್ಯತ್ಯಾಸ ಇಲ್ವಾ? ಕುದುರೆ ಸತ್ತದ್ದೂ ಕುದುರೆ ಪಳಗಿದ್ದೂ ಒಂದೇ ಅಂತೀರಾ?

ಇಲಿಬೋನು

ಒಪ್ಪಿದೆ. ಆ ವ್ಯತ್ಯಾಸ ನಾನು ಬಿಟ್ಟಿದ್ದೆ.

ಸುಮ್ನೆಓದುವವಳು

ನಾನು ಸಾಮಾನ್ಯವಾಗಿ ಬರೆಯಲ್ಲ, ಹೆಸರೇ ಹೇಳುತ್ತೆ. ಬೇಕು–ಹಿತ ಓದಿದಾಗ ಒಂದು ನೆನಪಾಯಿತು. 2014ರಲ್ಲಿ ಟಿಮೊಥಿ ವಿಲ್ಸನ್ ಮತ್ತು ಜೊತೆಗಾರರು ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಸುಮ್ಮನೆ ಕೂರಿಸಿದರು. ಮೊಬೈಲಿಲ್ಲ, ಪುಸ್ತಕವಿಲ್ಲ. ಬೇಕಾದರೆ ಒತ್ತಿಕೊಳ್ಳಿ ಅಂತ ಶಾಕ್ ಹೊಡೆಯುವ ಒಂದು ಗುಂಡಿ. ಆ ಶಾಕನ್ನು ಮೊದಲೇ ತಿನ್ನಿಸಿ ನೋಡಿದ್ದರು, ದುಡ್ಡು ಕೊಟ್ಟಾದರೂ ಇದನ್ನು ತಪ್ಪಿಸಿಕೊಳ್ತೀವಿ ಅಂದವರನ್ನೇ ಲೆಕ್ಕಕ್ಕೆ ತಗೊಂಡಿದ್ದು. 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒತ್ತಿಕೊಂಡರು. ಸುಮ್ಮನೆ ಕೂರಲಾರದೆ!

ಇದನ್ನು ಹಿತ ಅನ್ನೋಕಾಗುತ್ತಾ? ಬೇಕು ಅನ್ನೋಕಾಗುತ್ತಾ? ನನಗನ್ನಿಸುವುದು, ನಮಗೆ ಸುಖ ಬೇಕಾಗಿಲ್ಲ, ಏನಾದರೂ ಆಗಬೇಕು. ನಾವು ಏನಾದರೂ ಮಾಡಿದ್ದರಿಂದ ಏನಾದರೂ ಆಗಬೇಕು. ಮಗು ಚಮಚವನ್ನು ಕೆಳಗೆ ಬೀಳಿಸುತ್ತದೆ, ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತದೆ, ಶಬ್ದ ಕೇಳಿ ನಮ್ಮ ಮುಖ ನೋಡುತ್ತದೆ. ಏನು ಸುಖ ಅದರಲ್ಲಿ? ಹಾರ್ಲೊ 1950ರಲ್ಲಿ ಕೋತಿಗಳಿಗೆ ಕೊಂಡಿ, ಚಿಲಕ ಇರುವ ಒಂದು ಒಗಟು ಕೊಟ್ಟ. ಬಿಚ್ಚಿದರೆ ತಿನ್ನಲು ಏನೂ ಸಿಗಲ್ಲ. ಆದರೂ ಬಿಚ್ಚುತ್ತಾ ಕೂತವು. 1971ರಲ್ಲಿ ಎಡ್ವರ್ಡ್ ಡೆಸಿ ಇದರ ಉಲ್ಟಾ ತೋರಿಸಿದ. ಆಟದ ಒಗಟು ಬಿಡಿಸಿದ ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು, ಆಮೇಲೆ ನಿಲ್ಲಿಸಿದರೆ, ಬಿಡುವಿನ ಹೊತ್ತಿನಲ್ಲಿ ಅದನ್ನು ಮುಟ್ಟುವುದೇ ಕಮ್ಮಿಯಾಯಿತು. ಸುಮ್ನೆ ಇದ್ದಿದ್ದರೆ ಆಡುತ್ತಿದ್ದರು.

ಎರಡನೇಬೆಂಚು

ಹೊಟ್ಟೆ ತುಂಬಿದವರ ಮಾತು ಇದೆಲ್ಲ. ಒಗಟು, ಬೇಸರ, ಡೈರಿ. ಎರಡು ದಿನ ಉಪವಾಸ ಕೂರಿಸಿ, ಮನುಷ್ಯನನ್ನು ಓಡಿಸುವುದು ಏನು ಅಂತ ಗೊತ್ತಾಗುತ್ತದೆ. ಮನಶ್ಶಾಸ್ತ್ರಜ್ಞ ಮಾಸ್ಲೊ 1943ರಲ್ಲೇ ಹೇಳಿದ್ದಾನೆ, ಮೊದಲು ಹೊಟ್ಟೆ, ಆಮೇಲೆ ಉಳಿದದ್ದು.

ಇಲಿಬೋನು

ಎರಡು ದಿನ ಯಾಕೆ, 24 ವಾರ ಕೂರಿಸಿ ನೋಡಿದ್ದಾರೆ. ಎರಡನೇ ಮಹಾಯುದ್ಧದ ಕೊನೆಗೆ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ, ಏನ್ಸೆಲ್ ಕೀಸ್. 36 ಯುವಕರು. ಅರೆಹೊಟ್ಟೆಯಲ್ಲಿಟ್ಟು ಮೈತೂಕದ ಕಾಲು ಭಾಗ ಇಳಿಸಿದರು. ನೀವು ಹೇಳಿದ್ದು ಪೂರ್ತಿ ನಿಜ ಅಂತ ಅಲ್ಲಿ ಕಾಣುತ್ತದೆ, ನಾನೇ ನಿಮ್ಮ ಪರ ವಾದ ಮಾಡುತ್ತೇನೆ ನೋಡಿ. ಓದಿಕೊಂಡ ಹುಡುಗರು, ಓದು ಬಿಟ್ಟರು. ಪ್ರೀತಿ ಪ್ರೇಮದ ಆಸಕ್ತಿ ಹೋಯಿತು. ಅಡುಗೆ ಪುಸ್ತಕ ಹಿಡಿದು ಕೂತರು. ರಾತ್ರಿ ಕನಸೂ ಅದೇ. ತಟ್ಟೆ ನೆಕ್ಕಿದರು. ಸಿನಿಮಾ ನೋಡಿದರೆ ಅದರಲ್ಲಿ ಯಾರಾದರೂ ತಿನ್ನುವ ದೃಶ್ಯ ಬಂದಾಗ ಮಾತ್ರ ಕಣ್ಣರಳುತ್ತಿತ್ತು. ಹಗ್ಗಹಾವು ಹೇಳಿದ ಹಾಗೆ, ಹಸಿವೆ ಮೊದಲು ಹೋಗಿ ಕೂತು ಲೋಕವನ್ನೇ ಬದಲಾಯಿಸಿಬಿಟ್ಟಿತು.

ಸುಮ್ನೆಓದುವವಳು

ಆದರೆ ಆ 36 ಜನ ಯಾರು ಅಂತ ನೀವು ಹೇಳಲಿಲ್ಲ. ಅವರು ಯುದ್ಧಕ್ಕೆ ಹೋಗಿ ಕೊಲ್ಲಲ್ಲ ಅಂತ ಮನಸ್ಸಾಕ್ಷಿಯ ಮಾತು ಹೇಳಿ ಬಂದೂಕು ಮುಟ್ಟದೆ ಉಳಿದವರು. ಯುರೋಪಿನಲ್ಲಿ ಯುದ್ಧದಿಂದ ಹಸಿದ ಜನರಿಗೆ ಮತ್ತೆ ಹೇಗೆ ಊಟ ಕೊಟ್ಟು ಚೇತರಿಸಬೇಕು ಅಂತ ಕಂಡುಹಿಡಿಯೋಕೆ ತಮ್ಮ ಮೈ ಕೊಟ್ಟರು. ತಾವಾಗಿ ಬಂದವರು. ಹಸಿವೆಯೇ ಎಲ್ಲರನ್ನೂ ಓಡಿಸುವುದಾದರೆ ಅವರನ್ನು ಹಸಿವೆಯ ಬಾಗಿಲಿಗೆ ಕರೆತಂದದ್ದು ಏನು? ಅಷ್ಟು ತಿಂಗಳು ತಟ್ಟೆ ನೆಕ್ಕಿಕೊಂಡೂ ಹೆಚ್ಚಿನವರು ಬಿಟ್ಟು ಹೋಗಲಿಲ್ಲವಲ್ಲ, ಅವರನ್ನು ಅಲ್ಲಿ ಕೂರಿಸಿದ್ದು ಏನು? ಮಾಸ್ಲೊ ಮೆಟ್ಟಿಲಿನಲ್ಲಿ ಇವರು ಎಲ್ಲಿ ನಿಲ್ಲುತ್ತಾರೆ? (ಮಾಸ್ಲೊ ಹೇಳಿದ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ತ್ರಿಕೋನದ ಚಿತ್ರ 1943ರ ಲೇಖನದಲ್ಲಿ ಇಲ್ಲವೇ ಇಲ್ಲ, ಆಮೇಲೆ ಬೇರೆಯವರು ಬರೆದದ್ದು. ಮಾಸ್ಲೊ ಕೂಡ ಈ ಕ್ರಮ ಅಷ್ಟು ಬಿಗಿ ಅಲ್ಲ ಅಂದಿದ್ದ.)

ಎರಡನೇಬೆಂಚು

ಇದು ನನಗೆ ಗೊತ್ತಿರಲಿಲ್ಲ. ಯೋಚನೆ ಮಾಡಬೇಕು.

ಸಂಜೆಆರು

ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅನ್ನಿಸುತ್ತಿತ್ತು. ನನಗೆ ಇಷ್ಟೆಲ್ಲ ಪ್ರಯೋಗ ಗೊತ್ತಿಲ್ಲ. ಮನೆಯದು ಒಂದು ಹೇಳುತ್ತೇನೆ.

ನಮ್ಮಮ್ಮನಿಗೆ 79. ಮರೆವಿನ ಕಾಯಿಲೆ ಶುರುವಾಗಿ 6 ವರ್ಷ. ಈಗ ವರ್ಷ, ತಿಂಗಳು, ಹಗಲು, ರಾತ್ರಿ ಏನೂ ಇಲ್ಲ. ಅಪ್ಪ ತೀರಿಕೊಂಡದ್ದು ನೆನಪಿಲ್ಲ. ನಾನು ಯಾರು ಅನ್ನುವುದು ಕೆಲವು ದಿನ ಇರುತ್ತದೆ, ಕೆಲವು ದಿನ ಇರಲ್ಲ. ನೀವು ವಾಸ್ತವ ಅಂತ ಏನೇನು ಪಟ್ಟಿ ಮಾಡಿದ್ದೀರೋ ಹೆಚ್ಚುಕಮ್ಮಿ ಅದೆಲ್ಲ ಹೋಗಿದೆ.

ಆದರೆ ಸಂಜೆ ಬೆಳಕು ಕಮ್ಮಿಯಾಗುವ ಹೊತ್ತಿಗೆ ಎದ್ದು ನಿಲ್ಲುತ್ತಾರೆ. ಚಪ್ಪಲಿ ಹುಡುಕುತ್ತಾರೆ. “ಹೊತ್ತಾಯ್ತು, ಮನೆಗೆ ಹೋಗಬೇಕು, ಮಕ್ಕಳು ಶಾಲೆಯಿಂದ ಬರ್ತಾರೆ” ಅಂತ ಬಾಗಿಲ ಚಿಲಕಕ್ಕೆ ಕೈ ಹಾಕುತ್ತಾರೆ. ಆ ಮಕ್ಕಳಲ್ಲಿ ಒಬ್ಬಳು ನಾನು. ಅವರ ಕೈ ಹಿಡಿದು ನಿಂತಿರುತ್ತೇನೆ.

ಮೊದಮೊದಲು ವಾದ ಮಾಡುತ್ತಿದ್ದೆ. ಅಮ್ಮಾ ಇದೇ ಮನೆ, ನಾನೇ ನಿನ್ನ ಮಗಳು, ನನಗೆ 51 ಆಯ್ತು ಅಂತ. ನಿಜ ಹೇಳಬೇಕಲ್ಲ. ಒಂದು ದಿನ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಪಾಪ, ನಿಮಗೆ ಯಾರೂ ಇಲ್ವಾ?” ಅಂದರು. ಬಹಳ ಮರ್ಯಾದೆಯಿಂದ ಕೇಳಿದರು. ಆಮೇಲೆ ಮತ್ತೆ ಚಪ್ಪಲಿ ಹುಡುಕೋಕೆ ಹೋದರು. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ವಾದ ಮಾಡುವುದು ಅವತ್ತಿಗೆ ಬಿಟ್ಟೆ.

ಒಂದು ಸಂಜೆ ಒಣಗಿದ ಬಟ್ಟೆಯ ರಾಶಿಯನ್ನು ಮಂಚದ ಮೇಲೆ ಹಾಕಿ ಫೋನ್ ಬಂತು ಅಂತ ಹೋಗಿದ್ದೆ. ವಾಪಸ್ ಬಂದಾಗ ಅಮ್ಮ ಕೂತು ಟವೆಲ್ ಮಡಿಸುತ್ತಿದ್ದರು. ಮೂಲೆಗೆ ಮೂಲೆ ಕೂಡಿಸಿ, ಗಲ್ಲದ ಕೆಳಗೆ ಒತ್ತಿ ಹಿಡಿದು, ಅರ್ಧ ಮಾಡಿ, ತೊಡೆಯ ಮೇಲೆ ಇಟ್ಟು ಅಂಗೈಯಿಂದ ನೀವಿ. ನಾನು ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೇ, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಎಲ್ಲ ಮುಗಿಸಿ ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಕೈಯಿಟ್ಟುಕೊಂಡು ಕೂತರು. ಆ ಸಂಜೆ ಬಾಗಿಲಿಗೆ ಹೋಗಲಿಲ್ಲ.

ಅವತ್ತಿನಿಂದ ನಾಲ್ಕು ಟವೆಲ್, ಎರಡು ದಿಂಬಿನ ಚೀಲ, ಒಂದು ಹಾಸಿಗೆ ಹೊದಿಕೆ. ಸಂಜೆ ಅಮ್ಮ ಮಡಿಸುತ್ತಾರೆ. ರಾತ್ರಿ ಅವರು ಮಲಗಿದ ಮೇಲೆ ನಾನು ಎಲ್ಲ ಬಿಚ್ಚಿ ಬುಟ್ಟಿಗೆ ಹಾಕುತ್ತೇನೆ. ನನ್ನ ತಮ್ಮ ಬಂದಾಗ ಇದನ್ನು ನೋಡಿ, ಅಕ್ಕಾ ಇದು ಅಮ್ಮನಿಗೆ ಮೋಸ ಅಲ್ವಾ ಅಂದ. ನನಗೂ ಹಾಗೇ ಅನ್ನಿಸುತ್ತದೆ, ಕೆಲವು ರಾತ್ರಿ ಬಿಚ್ಚುವಾಗ ಕೈ ಬರಲ್ಲ. ಅವರು ಮಕ್ಕಳಿಗೋಸ್ಕರ ಮಡಿಸುತ್ತಿದ್ದಾರೆ, ಆ ಮಕ್ಕಳು ಇಲ್ಲ. ಅಥವಾ ಇದ್ದೇವೆ. ಗೊತ್ತಾಗಲ್ಲ.

ಇಲ್ಲಿ ಯಾರೋ ಕೇಳಿದ್ದರು, ಬೆಳಗ್ಗೆ ಎಬ್ಬಿಸುವುದು ಯಾರು ಅಂತ. ಅಮ್ಮನನ್ನು ಸಂಜೆ ಎಬ್ಬಿಸುವುದು ನಾವೇ, 40 ವರ್ಷ ಹಿಂದಿನ ನಾವು. ನೆನಪು ಹೋದ ಮೇಲೂ ಅದು ಹೋಗಿಲ್ಲ.

ಮೇಜುಗುದ್ದಿ

ಇದಕ್ಕೆ ಏನು ಬರೆಯಬೇಕೋ ತೋಚುತ್ತಿಲ್ಲ. ಒಂದೇ ಮಾತು ಹೇಳುತ್ತೇನೆ, ನಿಮ್ಮ ತಮ್ಮನಿಗೆ ಬೇಕಾದರೆ ತೋರಿಸಿ. ಬಟ್ಟೆ ನಿಜ, ಮಡಿಸಿದ್ದು ನಿಜ, ಮಡಿಸಿದ ಮೇಲೆ ಅವರಿಗೆ ಆದ ನೆಮ್ಮದಿ ನಿಜ. ಅದರಲ್ಲಿ ಮೋಸ ಇರುವುದು ಒಂದೇ ಕಡೆ, ರಾತ್ರಿ ನೀವು ಬಿಚ್ಚುವ ಕಡೆ. ಅದನ್ನು ನೀವೊಬ್ಬರೇ ಹೊತ್ತುಕೊಂಡಿದ್ದೀರಿ.

ಹಗ್ಗಹಾವು

ಅಮ್ಮನವರ “ನಿಮಗೆ ಯಾರೂ ಇಲ್ವಾ” ಓದಿ ಪುಸ್ತಕ ಮುಚ್ಚಿದೆ. ಮಗಳು ಅಂತ ಗೊತ್ತಾಗಲಿಲ್ಲ, ಆದರೆ ಎದುರಿಗೆ ನಿಂತವಳಿಗೆ ಕಷ್ಟ ಇದೆ ಅಂತ ಗೊತ್ತಾಯಿತಲ್ಲ. ನಾನು ಆಸೆ ಅಂದಾಗ ಇದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಇದಕ್ಕೆ ಬೇರೆ ಹೆಸರು ಬೇಕು.

ಎರಡನೇಬೆಂಚು

ಮೇಡಂ, ಮೊದಲ ದಿನ ನಾನು ಹಗುರವಾಗಿ ಮಾತಾಡಿದ್ದೆ, ನಿಮಗೆ ಅಂತ ಅಲ್ಲ, ಆದರೂ. ನಮ್ಮ ಮನೆಯಲ್ಲೂ ಒಬ್ಬರು ಹೀಗೇ ಶುರುವಾಗುತ್ತಿದ್ದಾರೆ. ಬಟ್ಟೆ ಬಿಟ್ಟು ಬೇರೆ ಏನಾದರೂ ಕೆಲಸ ಕೊಟ್ಟು ನೋಡಿದ್ದೀರಾ? ಅವರು ಜೀವನಪೂರ್ತಿ ಲೆಕ್ಕ ಬರೆದವರು, ಬಟ್ಟೆ ಮುಟ್ಟಿದವರಲ್ಲ.

ಇರುಳುಗಣ್ಣ

ಎಳೆ ಶುರು ಮಾಡಿದ್ದು ನಾನು, ಆದರೆ ಈಗ ಕೇಳಿದ್ದನ್ನು ಮತ್ತೆ ಕೇಳೋಕೆ ನಾಚಿಕೆ. ಕೋಳಿಗೂಡಿನ ಸಲಿಕೆಯನ್ನೇ ಎರಡು ದಿನ ಯೋಚಿಸಿದೆ. ಅವನು ಕಾರಣ ತಪ್ಪು ಹೇಳಿದ, ಸರಿ. ಆದರೆ ಎಡಗೈ ಸಲಿಕೆ ಆರಿಸಿದ್ದು ತಪ್ಪಲ್ಲ. ಹಿಮಕ್ಕೆ ಸಲಿಕೆಯೇ ಬೇಕು. ಬಾಯಿಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು. ಟವೆಲ್ ಮಡಿಸುವ ಕೈ ಓದಿದಾಗ ಇದು ಹೊಳೆಯಿತು.

ನನ್ನ 8 ವರ್ಷದ ವಿಷಯವೂ ಹಾಗೇ ಇರಬಹುದು. ಬಡ್ತಿಗೋಸ್ಕರ ಅಂತ ಬಾಯಿ ಹೇಳುತ್ತಿತ್ತು. ಆ 8 ವರ್ಷದಲ್ಲಿ ಕೈ ಏನು ಮಾಡುತ್ತಿತ್ತು ಅಂತ ನೋಡಿದರೆ, ಹೊಸದಾಗಿ ಸೇರಿದ ಹುಡುಗರಿಗೆ ಕೆಲಸ ಕಲಿಸುತ್ತಿತ್ತು. ದಿನಾ ಸಂಜೆ ಒಂದು ಗಂಟೆ, ಯಾರೂ ಹೇಳದೆ. ಬಡ್ತಿ ಬಂದ ಮೇಲೆ ನನಗೆ ಬೇರೆ ಕೋಣೆ ಕೊಟ್ಟರು, ಆ ಒಂದು ಗಂಟೆ ಹೋಯಿತು. ನಾಳೆ ಕೆಳಗಿಳಿದು ಅವರ ಜೊತೆ ಸ್ವಲ್ಪ ಹೊತ್ತು ಕೂತು ಬರೋಣ ಅಂತಿದ್ದೇನೆ. ಏನೂ ಆಗದಿದ್ದರೂ ಪರವಾಗಿಲ್ಲ.

ಸಂಜೆಆರು

ಎರಡನೇಬೆಂಚು ಅವರೇ, ಬೇಸರವಿಲ್ಲ. ಲೆಕ್ಕ ಬರೆದವರಾದರೆ ಹಳೇ ರಸೀದಿ, ಒಂದು ಗೆರೆ ಹಾಕಿದ ಪುಸ್ತಕ, ಪೆನ್ಸಿಲ್ ಕೊಟ್ಟು ನೋಡಿ. ಕೂಡಿದ್ದು ಸರಿಯಿದೆಯಾ ಅಂತ ನೋಡೋಕೆ ಹೋಗಬೇಡಿ. ನೀವು ಪಕ್ಕದಲ್ಲಿ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ, ಅವರನ್ನೇ ನೋಡುತ್ತಾ ಕೂರಬೇಡಿ, ಅದು ಅವರಿಗೆ ಗೊತ್ತಾಗುತ್ತದೆ.

ಇವತ್ತು ಅಮ್ಮ ಒಂದು ಟವೆಲ್ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು. “ಇದನ್ನ ಯಾರೋ ಆಗಲೇ ಮಡಿಸಿದ್ದಾರೆ” ಅಂದರು. ನಿನ್ನೆಯ ಮಡಿಕೆಯ ಗೆರೆ ಹಾಗೇ ಉಳಿದಿತ್ತು, ನಾನು ಗಮನಿಸಿರಲಿಲ್ಲ. ಎದ್ದುಬಿಡುತ್ತಾರೇನೋ ಅಂತ ಭಯವಾಯಿತು. ಸ್ವಲ್ಪ ಹೊತ್ತು ಯೋಚಿಸಿ, “ಸರಿಯಾಗಿ ಮಡಿಸಿಲ್ಲ” ಅಂತ ಹೇಳಿ ಮತ್ತೆ ಮಡಿಸಿದರು. ನಾಳೆಯಿಂದ ನೀರಿಗೆ ಅದ್ದಿ, ಹಿಂಡಿ, ಒಣಗಿಸಿಯೇ ಕೊಡಬೇಕು.